ಬೆಂಜೀನ್ ಉಂಗುರ ಇಂಗ್ಲಿಷಿನ ಅಪ್ಪನ ಆಸ್ತಿಯಲ್ಲ!

"ಏನಯ್ಯಾ, ಕನ್ನಡ ಮೀಡಿಯಮ್ಮಾ? ಮತ್ತೆ ಸೈನ್ಸಿಗೆ ಯಾಕಪ್ಪಾ ಬಂದೆ?"

ಈ ಮಾತು ಕೇಳಿಸಿಕೊಳ್ಳದೆ ಪಿಯುಸಿ ದಾಟಿದ ಕನ್ನಡ ಮಾಧ್ಯಮದ ಹುಡುಗ ಯಾರಾದರೂ ಇದ್ದರೆ ಕೈ ಎತ್ತಲಿ. ನಾನಂತೂ ಕೇಳಿಸಿಕೊಂಡಿದ್ದೇನೆ, ಇದೇ ಬೆಂಗಳೂರಿನ ಒಂದು ಕಾಲೇಜಿನಲ್ಲಿ. ಆ ದಿನ ಮಾತು ಬಿದ್ದದ್ದು ನನ್ನ ಪಕ್ಕ ಕೂತಿದ್ದ ಗೆಳೆಯನ ಮೇಲೆ. ಸರ್ಕಾರಿ ಹೈಸ್ಕೂಲಿನಲ್ಲಿ ಕನ್ನಡದಲ್ಲೇ ಓದಿ, ವಿಜ್ಞಾನದಲ್ಲಿ ಶಾಲೆಗೇ ಮೊದಲಿಗನಾಗಿ ಬಂದವನು. ಬೋರ್ಡಿನ ಮೇಲೆ ಬೆಂಜೀನಿನ ಆರು ಮೂಲೆಯ ಉಂಗುರ. ಒಂದು ಮೂಲೆಯಲ್ಲಿ ಕ್ಲೋರಿನ್, ನಡುವೆ ಒಂದು ಮೂಲೆ ಖಾಲಿ, ಆಮೇಲೆ ಇನ್ನೊಂದು ಕ್ಲೋರಿನ್. ಇದೇನು ಹೇಳು ಎಂದು ಮೇಷ್ಟ್ರು ಇಂಗ್ಲಿಷಿನಲ್ಲಿ ಕೇಳಿದರು. ಅವನು ಎದ್ದು ನಿಂತು, "ಸಾರ್, ಒಂದು ಬಿಟ್ಟು ಒಂದರಲ್ಲಿ ಕ್ಲೋರಿನ್ ಇದೆ ಸಾರ್" ಅಂದ.

ತರಗತಿಗೆ ತರಗತಿಯೇ ನಕ್ಕಿತು. ಮೇಷ್ಟ್ರೂ ನಕ್ಕರು. ನಾನೂ ನಕ್ಕೆ. ಆ ನಗುವಿಗೆ ಇವತ್ತಿಗೂ ನನಗೆ ನಾಚಿಕೆಯಿದೆ. ಮೇಷ್ಟ್ರಿಗೆ ಬೇಕಿದ್ದ ಉತ್ತರ "ಮೆಟಾ ಡೈಕ್ಲೋರೊಬೆಂಜೀನ್". ಅವನಿಗೆ "ಮೆಟಾ" ಎಂಬ ಶಬ್ದ ಗೊತ್ತಿರಲಿಲ್ಲ. ಆದರೆ ಮೆಟಾ ಎಂದರೆ ಏನು ಎಂಬುದು ಅವನಿಗೆ ಗೊತ್ತಿತ್ತು. ಕಣ್ಣಿಂದ ನೋಡಿ ಹೇಳಿದ್ದ. ನಕ್ಕ ನಮ್ಮಲ್ಲಿ ಹೆಚ್ಚಿನವರಿಗೆ ಶಬ್ದ ಗೊತ್ತಿತ್ತು, ಅರ್ಥ ಗೊತ್ತಿರಲಿಲ್ಲ. ಪಾಸಾದವರು ನಾವು. ಮೊದಲ ವರ್ಷವೇ ಕಾಲೇಜು ಬಿಟ್ಟವನು ಅವನು.

ಗೆಳೆಯರೆ, ಈ ಲೇಖನ ಆ ಒಂದು ನಗುವಿನ ಬಗ್ಗೆ. ಬೆಂಜೀನಿನ ಸಂಯುಕ್ತಗಳಿಗೆ ಹೆಸರಿಡುವ ಪಾಠ ಪಿಯುಸಿ ರಸಾಯನಶಾಸ್ತ್ರದಲ್ಲಿ ಕನ್ನಡದ ಮಕ್ಕಳ ಕುತ್ತಿಗೆಗೆ ಬೀಳುವ ಮೊದಲ ಕುಣಿಕೆಗಳಲ್ಲಿ ಒಂದು. "ನೋಡಿ, ಇದನ್ನೆಲ್ಲ ಕನ್ನಡದಲ್ಲಿ ಹೇಳಲು ಆಗುತ್ತಾ?" ಎಂದು ಇಂಗ್ಲಿಷ್ ಭಕ್ತರು ಮೀಸೆ ತಿರುವುವುದೂ ಇಲ್ಲೇ. ಅವರ ಮೀಸೆಯನ್ನು ಇಲ್ಲೇ ಹಿಡಿಯೋಣ.

ಇದರಲ್ಲಿ ಇಂಗ್ಲಿಷ್ ಎಲ್ಲಿದೆ, ತೋರಿಸಿ!

ಮೊದಲು ಬೆಂಜೀನ್ ಎಂಬ ಶಬ್ದವನ್ನೇ ಹಿಡಿಯಿರಿ. ದರ್ಗಾದಲ್ಲಿ ಕೆಂಡದ ಮೇಲೆ ಹಾಕುವ ಲೋಬಾನ ಗೊತ್ತಲ್ಲ? ಅರಬ್ಬಿ ವರ್ತಕರು ಸುಮಾತ್ರ ಕಡೆಯಿಂದ ಬರುವ ಆ ಅಂಟನ್ನು "ಲುಬಾನ್ ಜಾವಿ" ಎಂದು ಕರೆದರು. ಜಾವಾ ಕಡೆಯ ಧೂಪ ಎಂದು ಅರ್ಥ. ಯುರೋಪಿನ ವ್ಯಾಪಾರಿಗಳ ಬಾಯಲ್ಲಿ ಮುಂದಿನ "ಲು" ಉದುರಿ ಅದು ಬೆಂಜಾಯ್, ಬೆಂಜೊಯಿನ್ ಆಯಿತು. ಆ ಅಂಟಿನಿಂದ ಬಂದದ್ದು ಬೆಂಜೋಯಿಕ್ ಆಮ್ಲ. 1830ರ ದಶಕದಲ್ಲಿ ಜರ್ಮನಿಯ ಮಿಚರ್ಲಿಕ್ ಆ ಆಮ್ಲವನ್ನು ಸುಣ್ಣದ ಜೊತೆ ಕಾಸಿ ಇಳಿಸಿದ ದ್ರವಕ್ಕೆ "ಬೆಂಜಿನ್" ಎಂದು ಹೆಸರಿಟ್ಟ. ಅದೇ ವಸ್ತುವನ್ನು ಅವನಿಗಿಂತ ಮುಂಚೆ, 1825ರಲ್ಲಿ, ಲಂಡನ್ನಿನಲ್ಲಿ ಮೈಕೇಲ್ ಫ್ಯಾರಡೆ ಕಂಡುಹಿಡಿದು ಇಂಗ್ಲಿಷಿನಲ್ಲಿ "ಬೈಕಾರ್ಬ್ಯುರೆಟ್ ಆಫ್ ಹೈಡ್ರೋಜನ್" ಎಂದು ಕರೆದಿದ್ದ. ಫ್ಯಾರಡೆ ಮಹಾನುಭಾವ, ಆದರೆ ಆ ಹೆಸರು ಇಂದು ಯಾರ ಬಾಯಲ್ಲೂ ಇಲ್ಲ. ಉಳಿದದ್ದು ಲೋಬಾನದ ಹೆಸರು.

ಅನಿಲೀನ್? ಬೆಂಜೀನಿಗೆ ಅಮೈನೊ ಗುಂಪು ಅಂಟಿಕೊಂಡರೆ ಅನಿಲೀನ್. ನೀಲಿ ಗಿಡಕ್ಕೆ ಪೋರ್ಚುಗೀಸರು ಹೇಳುವುದು "ಅನಿಲ್". ಅದು ಅರಬ್ಬಿಯ "ಅಲ್-ನೀಲ್"ನಿಂದ, ಅದು ನಮ್ಮ "ನೀಲ"ದಿಂದ. ಅಂದರೆ ಅನಿಲೀನ್ ಎನ್ನುವಾಗ ನೀವು ನೀಲಿ ಎನ್ನುತ್ತಿದ್ದೀರಿ ಸ್ವಾಮಿ! ಈ ಒಂದೇ ವಸ್ತುವಿಗೆ ಎಷ್ಟು ಹೆಸರು ಗೊತ್ತೆ? 1826ರಲ್ಲಿ ಉನ್‌ಫರ್ಡಾರ್ಬೆನ್ ನೀಲಿಯಿಂದ ತೆಗೆದು "ಕ್ರಿಸ್ಟಲಿನ್" ಎಂದ. 1834ರಲ್ಲಿ ರುಂಗೆ ಕಲ್ಲಿದ್ದಲ ಟಾರಿನಿಂದ ತೆಗೆದು "ಕ್ಯಾನಾಲ್" ಎಂದ. ಫ್ರಿಟ್ಸ್‌ಷೆ "ಅನಿಲಿನ್" ಎಂದ. 1842ರಲ್ಲಿ ರಷ್ಯದ ಜಿನಿನ್ ನೈಟ್ರೊಬೆಂಜೀನಿನಿಂದ ಮಾಡಿ "ಬೆಂಜಿಡಾಮ್" ಎಂದ. ಇವೆಲ್ಲ ಒಂದೇ ಎಂದು 1843ರಲ್ಲಿ ತೋರಿಸಿಕೊಟ್ಟವನು ಹಾಫ್‌ಮನ್. ಅವನೂ ಜರ್ಮನ್.

ಇನ್ನು ಕ್ಯಾಟೆಕಾಲ್. ಪಕ್ಕಪಕ್ಕದ ಎರಡು ಮೂಲೆಯಲ್ಲಿ ಹೈಡ್ರಾಕ್ಸಿ ಗುಂಪು ಇರುವ ಬೆಂಜೀನ್. 1839ರಲ್ಲಿ ಅದನ್ನು ಮೊದಲು ಪಡೆದದ್ದು ಕಾಚಿನಿಂದ ಬರುವ ವಸ್ತುವನ್ನು ಕಾಸಿ ಇಳಿಸಿ. ಹೌದು, ನಮ್ಮ ಅಜ್ಜಿ ಎಲೆಅಡಿಕೆಗೆ ಹಾಕಿಕೊಳ್ಳುತ್ತಿದ್ದ ಅದೇ ಕಾಚು! ಕ್ಯಾಟೆಚು ಎಂಬ ಶಬ್ದ ಮಲಯದ "ಕಾಚು"ವಿನಿಂದ ಬಂತು, ಅದರ ಬೇರು ಕನ್ನಡ ತಮಿಳುಗಳ "ಕಾಚು"ವಿನಲ್ಲಿ ಇರಬಹುದು ಎಂದು ಇಂಗ್ಲಿಷ್ ನಿಘಂಟುಗಳೇ ಬರೆಯುತ್ತವೆ. ನಮ್ಮ ಮನೆಯ ಕಾಚು ಸಮುದ್ರ ದಾಟಿ, ಕೋಟು ಹಾಕಿಕೊಂಡು, ಕ್ಯಾಟೆಕಾಲ್ ಆಗಿ ವಾಪಸು ಬಂದರೆ ನಮ್ಮ ಮಗು ಅದನ್ನು ಕಂಡು ಹೆದರಿ ಸಾಯಬೇಕೆ?

ಟೊಲುವೀನ್ ದಕ್ಷಿಣ ಅಮೆರಿಕದ ಕೊಲಂಬಿಯಾದ ತೊಲು ಎಂಬ ಊರಿನ ಹೆಸರು ಹೊತ್ತ ಅಂಟಿನಿಂದ ಬಂದದ್ದು. ಫೀನಾಲಿನ "ಫೀನ್" ಬೆಳಕು ಎಂಬ ಅರ್ಥದ ಗ್ರೀಕ್ ಮೂಲದ್ದು. ಬೀದಿ ದೀಪದ ಅನಿಲ ತಯಾರಿಸುವಾಗ ಉಳಿಯುವ ಟಾರಿನಲ್ಲಿ ಇವೆಲ್ಲ ಸಿಕ್ಕಿದ್ದರಿಂದ ಫ್ರಾನ್ಸಿನ ಲೊರಾನ್ ಇಟ್ಟ ಹೆಸರು ಅದು. ಆರ್ಥೊ, ಮೆಟಾ, ಪ್ಯಾರಾ ಮೂರೂ ಗ್ರೀಕ್. ಬೆಂಜೀನಿಗೆ ಉಂಗುರದ ಆಕಾರ ಕೊಟ್ಟ ಕೆಕುಲೆ ಜರ್ಮನ್, 1865ರಲ್ಲಿ ಬೆಲ್ಜಿಯಮ್ಮಿನಲ್ಲಿ ಮೇಷ್ಟ್ರಾಗಿದ್ದ, ಮೊದಲ ಲೇಖನ ಬರೆದದ್ದು ಫ್ರೆಂಚಿನಲ್ಲಿ. ಸಾವಯವ ಸಂಯುಕ್ತಗಳ ಮಹಾಕೋಶವಾದ ಬೈಲ್‌ಸ್ಟೈನ್ 1880ರ ದಶಕದಿಂದ ನೂರು ವರ್ಷ ಜರ್ಮನ್ ಭಾಷೆಯಲ್ಲೇ ಹೊರಬಂತು. 1984ರ ಸುಮಾರಿಗೆ ಇಂಗ್ಲಿಷಿಗೆ ತಿರುಗಿತು. ಅಲ್ಲಿಯವರೆಗೆ ಇಂಗ್ಲಿಷರ ಮಕ್ಕಳೇ ರಸಾಯನಶಾಸ್ತ್ರಕ್ಕಾಗಿ ಜರ್ಮನ್ ಕಲಿಯುತ್ತಿದ್ದರು.

ಅರಬ್ಬಿ, ಗ್ರೀಕ್, ಫ್ರೆಂಚ್, ಜರ್ಮನ್, ಮಲಯ, ಸಂಸ್ಕೃತ, ಜೊತೆಗೆ ನಮ್ಮ ಕಾಚು. ಈ ಸಂತೆಯಲ್ಲಿ ಇಂಗ್ಲಿಷ್ ಒಬ್ಬ ಗಿರಾಕಿ ಮಾತ್ರ. ಗಿರಾಕಿಯನ್ನೇ ಅಂಗಡಿಯ ಮಾಲೀಕ ಎಂದು ನಮಗೆ ನಂಬಿಸಿದವರು ಯಾರು?

ವಠಾರದ ಪಾಠ

"ಮೂಲ ಏನಾದರೂ ಇರಲಿ, ನಿಯಮಗಳನ್ನು ಕನ್ನಡದಲ್ಲಿ ಹೇಳಲು ಸಾಧ್ಯವೆ?" ಎಂದು ಕೇಳುವವರು ಈ ಕೆಳಗಿನದನ್ನು ಓದಲಿ. ಇದು ಪಿಯುಸಿ ಪಾಠ. ಹತ್ತು ನಿಮಿಷದ ಕೆಲಸ.

ಒಂದು ವಠಾರ ಎಂದುಕೊಳ್ಳಿ. ನಡುವೆ ಅಂಗಳ, ಸುತ್ತ ದುಂಡಗೆ ಆರು ಮನೆ. ಇದು ಬೆಂಜೀನ್. ಮಾಮೂಲಾಗಿ ಆರೂ ಮನೆಯಲ್ಲಿ ಹೈಡ್ರೋಜನ್ ಇರುತ್ತಾನೆ. ಒಂದು ಮನೆಯ ಹೈಡ್ರೋಜನ್ ಖಾಲಿ ಮಾಡಿ ಕ್ಲೋರಿನ್ ಬಂದರೆ ಕ್ಲೋರೊಬೆಂಜೀನ್. ನೈಟ್ರೊ ಗುಂಪು ಬಂದರೆ ನೈಟ್ರೊಬೆಂಜೀನ್. ಆರು ಮನೆಯೂ ಒಂದೇ ಥರ ಇರುವುದರಿಂದ ಒಬ್ಬನೇ ಬಂದಾಗ ಯಾವ ಮನೆ ಎಂದು ಕೇಳುವ ಅಗತ್ಯವಿಲ್ಲ.

ಇಬ್ಬರು ಬಂದರೆ? ಎರಡನೆಯವನು ಮೊದಲನೆಯವನ ಪಕ್ಕದ ಮನೆಯಲ್ಲಿ ಇರಬಹುದು, ಒಂದು ಮನೆ ಬಿಟ್ಟು ಇರಬಹುದು, ಇಲ್ಲವೆ ಎದುರು ಮನೆಯಲ್ಲಿ ಇರಬಹುದು. ನಾಲ್ಕನೆಯ ದಾರಿ ಇಲ್ಲ. ಎಣಿಸಿ ನೋಡಿ. ಪಕ್ಕದ್ದು ಆರ್ಥೊ, ಬಿಟ್ಟದ್ದು ಮೆಟಾ, ಎದುರಿನದು ಪ್ಯಾರಾ. ಬಾಗಿಲ ನಂಬರಿನಲ್ಲಿ ಹೇಳುವುದಾದರೆ 1,2, 1,3, 1,4. ಮುಗಿಯಿತು! ಪಕ್ಕ, ಬಿಟ್ಟು, ಎದುರು. ಈ ಮೂರು ಕನ್ನಡ ಮಾತಿಗಾಗಿ ಎಷ್ಟು ಮಕ್ಕಳನ್ನು ಕೊಂದಿರಿ?

ಈಗ ಯಜಮಾನಿಕೆ. ವಠಾರದಲ್ಲಿ ಬೇರೆ ಬೇರೆ ಗುಂಪುಗಳು ಇದ್ದಾಗ ಯಾರ ಹೆಸರಿನಲ್ಲಿ ವಠಾರವನ್ನು ಕರೆಯುವುದು? ಅದಕ್ಕೊಂದು ಹಿರಿತನದ ಸಾಲು ಇದೆ. ಕಾರ್ಬಾಕ್ಸಿಲಿಕ್ ಆಮ್ಲದ ಗುಂಪು ಎಲ್ಲರಿಗಿಂತ ಹಿರಿಯ. ಅವನಿದ್ದರೆ ವಠಾರದ ಹೆಸರು ಬೆಂಜೋಯಿಕ್ ಆಮ್ಲ. ಅವನಿಲ್ಲದಿದ್ದರೆ ಆಲ್ಡಿಹೈಡ್, ಬೆಂಜಾಲ್ಡಿಹೈಡ್. ಆಮೇಲೆ ಹೈಡ್ರಾಕ್ಸಿ, ಫೀನಾಲ್. ಆಮೇಲೆ ಅಮೈನೊ, ಅನಿಲೀನ್. ಯಜಮಾನ ಯಾವತ್ತೂ ಒಂದನೇ ನಂಬರ್ ಮನೆಯಲ್ಲಿ. ಕ್ಲೋರೊ, ಬ್ರೊಮೊ, ನೈಟ್ರೊ ಇವರೆಲ್ಲ ಕಾಯಂ ಬಾಡಿಗೆದಾರರು. ಯಜಮಾನರಾಗುವ ಯೋಗ ಇಲ್ಲ. ಹಾಗಾಗಿ ಹೈಡ್ರಾಕ್ಸಿ ಒಂದು ಕಡೆ, ನೈಟ್ರೊ ಎದುರು ಮನೆಯಲ್ಲಿ ಇದ್ದರೆ ಅದು 4-ನೈಟ್ರೊಫೀನಾಲ್. ಆಮ್ಲದ ಗುಂಪಿನ ಪಕ್ಕದ ಮನೆಯಲ್ಲಿ ಹೈಡ್ರಾಕ್ಸಿ ಇದ್ದರೆ ಯಜಮಾನ ಆಮ್ಲವೇ; ಹೆಸರು 2-ಹೈಡ್ರಾಕ್ಸಿಬೆಂಜೋಯಿಕ್ ಆಮ್ಲ. ಇದೇ ಸ್ಯಾಲಿಸಿಲಿಕ್ ಆಮ್ಲ, ಗಜಕರ್ಣಕ್ಕೆ ಹಚ್ಚುವ ಮುಲಾಮಿನಲ್ಲಿ ಇರುವುದು.

ಮೂರು ಜನ ಬಾಡಿಗೆದಾರರೇ ಇದ್ದು ಯಜಮಾನನೇ ಇಲ್ಲದಿದ್ದರೆ, ಬಾಗಿಲ ನಂಬರುಗಳು ಆದಷ್ಟು ಚಿಕ್ಕದಾಗುವ ಹಾಗೆ ಎಣಿಸಬೇಕು. ಒಂದು ಕ್ಲೋರೊ, ಎರಡು ನೈಟ್ರೊ ಇರುವ ಒಂದು ಸಂಯುಕ್ತವನ್ನು ಒಂದು ಕಡೆಯಿಂದ ಎಣಿಸಿದರೆ 1,2,4 ಬರುತ್ತದೆ, ಇನ್ನೊಂದು ಕಡೆಯಿಂದ 1,3,4. ಎರಡು ಮೂರಕ್ಕಿಂತ ಚಿಕ್ಕದು. ಆದ್ದರಿಂದ 1-ಕ್ಲೋರೊ-2,4-ಡೈನೈಟ್ರೊಬೆಂಜೀನ್. ಇದಕ್ಕೆ ಬೇಕಾದ ವಿದ್ಯೆ ಎಣಿಕೆ ಮಾತ್ರ.

ಇಡೀ ವಠಾರವೇ ಇನ್ನೊಂದು ದೊಡ್ಡ ಬೀದಿಗೆ ಅಂಟಿಕೊಂಡಿದ್ದರೆ? ಆಗ ವಠಾರಕ್ಕೆ ಫೀನೈಲ್ ಗುಂಪು ಎಂದು ಹೆಸರು. ಬೀದಿಗೂ ವಠಾರಕ್ಕೂ ನಡುವೆ ಒಂದು ಕಾರ್ಬನ್ನಿನ ಜಗಲಿ ಇದ್ದರೆ ಬೆಂಜೈಲ್. ಪರೀಕ್ಷೆಯಲ್ಲಿ ಫೀನೈಲಿಗೂ ಬೆಂಜೈಲಿಗೂ ಗೊಂದಲ ಮಾಡಿಕೊಂಡು ಅಂಕ ಕಳೆದುಕೊಳ್ಳುವವರೇ, ಜಗಲಿ ಇದೆಯೋ ಇಲ್ಲವೋ ನೋಡಿ, ಸಾಕು.

ಹೆಸರು ಗೊತ್ತಾದರೆ ಗುಣವೂ ಗೊತ್ತಾಗುತ್ತದೆ. ನೈಟ್ರೊಫೀನಾಲಿನಲ್ಲಿ ನೈಟ್ರೊ ಪಕ್ಕದ ಮನೆಯಲ್ಲಿದ್ದರೆ ಅದು ನೀರಿನ ಹಬೆಯ ಜೊತೆ ಆವಿಯಾಗಿ ಹೊರಟುಬಿಡುತ್ತದೆ. ಎದುರು ಮನೆಯಲ್ಲಿದ್ದರೆ ಹೊರಡುವುದಿಲ್ಲ. ಯಾಕೆ? ಪಕ್ಕದ ಮನೆಯವರು ಗೋಡೆಯಾಚೆ ಕೈ ಚಾಚಿ ತಮ್ಮತಮ್ಮಲ್ಲೇ ಕೈ ಹಿಡಿದುಕೊಳ್ಳುತ್ತಾರೆ. ಬೇರೆ ವಠಾರದವರ ಹಂಗಿಲ್ಲ, ಹಗುರಾಗಿ ಹೊರಡಬಹುದು. ಎದುರುಬದುರು ಇರುವವರ ಕೈ ಅಂಗಳ ದಾಟಿ ಮುಟ್ಟುವುದಿಲ್ಲ. ಅವರು ಪಕ್ಕದ ವಠಾರಗಳವರ ಕೈ ಹಿಡಿಯುತ್ತಾರೆ. ಹೀಗೆ ವಠಾರ ವಠಾರಕ್ಕೆ ಕಟ್ಟಿಬಿದ್ದು ಒಟ್ಟಿಗೇ ಕೂರುತ್ತವೆ. ಪುಸ್ತಕದಲ್ಲಿ ಅಣುವಿನ ಒಳಗಿನ ಹೈಡ್ರೋಜನ್ ಬಂಧ, ಅಣುಗಳ ನಡುವಿನ ಹೈಡ್ರೋಜನ್ ಬಂಧ ಎಂದು ಹೇಳುವುದು ಇದನ್ನೇ. ಇದನ್ನು ಇಂಗ್ಲಿಷಿನಲ್ಲಿ ಉರು ಹೊಡೆದು ಐದು ಅಂಕ ತೆಗೆದ ನನ್ನಂಥವರನ್ನು ನಿಲ್ಲಿಸಿ "ಯಾಕೆ?" ಎಂದು ಕೇಳಿದ್ದರೆ ಬೆಪ್ಪಾಗಿ ನಿಲ್ಲುತ್ತಿದ್ದೆವು.

ಚೀನಾದ ಹುಡುಗನಿಗೆ ಯಾರೂ ನಗಲಿಲ್ಲ

ಈಗ ಮುಖ್ಯವಾದ ಮಾತು. ಚೀನಿಯರು ಬೆಂಜೀನಿಗೆ "ಬೆನ್" ಎಂದು ಒಂದೇ ಅಕ್ಷರ ಮಾಡಿಕೊಂಡಿದ್ದಾರೆ. ಆರ್ಥೊ, ಮೆಟಾ, ಪ್ಯಾರಾಗಳಿಗೆ ಅವರು ಬರೆಯುವುದು ಏನು ಗೊತ್ತೆ? "ಲಿನ್", ಅಂದರೆ ನೆರೆ. "ಜಿಯೆನ್", ಅಂದರೆ ನಡುವೆ ಬಿಟ್ಟ ಜಾಗ. "ದುಯಿ", ಅಂದರೆ ಎದುರು. ಪಕ್ಕ, ಬಿಟ್ಟು, ಎದುರು!

ನನ್ನ ಗೆಳೆಯ ಅಂದು ಎದ್ದು ನಿಂತು ಹೇಳಿದ್ದು ಇದನ್ನೇ. ನೂರು ಕೋಟಿಗೂ ಮಿಕ್ಕ ಜನರ ದೇಶದಲ್ಲಿ ಅಧಿಕೃತ ಪಠ್ಯಪುಸ್ತಕದಲ್ಲಿ ಇರುವ ಉತ್ತರ ಬೆಂಗಳೂರಿನ ತರಗತಿಯಲ್ಲಿ ನಗೆಪಾಟಲಾಯಿತು. ಇಂದು ಜಗತ್ತಿನ ಔಷಧ, ಬಣ್ಣ, ಪ್ಲಾಸ್ಟಿಕ್ಕಿನ ಕಚ್ಚಾ ಸರಕಿನ ದೊಡ್ಡ ಪಾಲು ಚೀನಾದಿಂದ ಬರುತ್ತದೆ. ಹೈಡ್ರೋಜನ್ನಿಗೆ "ನೀರಿನ ವಸ್ತು", ಆಕ್ಸಿಜನ್ನಿಗೆ "ಹುಳಿಯ ವಸ್ತು" ಎಂದು ತಮ್ಮ ಭಾಷೆಯಲ್ಲೇ ಕರೆಯುವ ಜರ್ಮನರು ಈ ಶಾಸ್ತ್ರವನ್ನೇ ಕಟ್ಟಿದರು. ಅವರ ವಿಜ್ಞಾನಕ್ಕೆ ಮಾತೃಭಾಷೆಯಿಂದ ಯಾವ ಭಂಗ ಬಂತು?

ದೂರ ಯಾಕೆ? ಹೊಸೂರು ದಾಟಿ ನೋಡಿ. ತಮಿಳುನಾಡಿನಲ್ಲಿ ಹನ್ನೊಂದು, ಹನ್ನೆರಡನೇ ತರಗತಿಯ ರಸಾಯನಶಾಸ್ತ್ರದ ಪುಸ್ತಕ ತಮಿಳಿನಲ್ಲಿ ಅಚ್ಚಾಗುತ್ತದೆ. ಮಕ್ಕಳು ತಮಿಳಿನಲ್ಲೇ ಪರೀಕ್ಷೆ ಬರೆಯುತ್ತಾರೆ. ಆರ್ಥೊ, ಮೆಟಾ, ಪ್ಯಾರಾ ಎಂಬ ಹೆಸರುಗಳು ತಮಿಳು ಲಿಪಿಯಲ್ಲಿ, ವಿವರಣೆ ತಮಿಳಿನಲ್ಲಿ. ತೆಲುಗರು 1968ರಲ್ಲೇ ತೆಲುಗು ಅಕಾಡೆಮಿ ಕಟ್ಟಿ ಇಂಟರ್‌ಮೀಡಿಯಟ್ಟಿಗೆ ತೆಲುಗಿನಲ್ಲಿ ಪುಸ್ತಕ ತಂದರು. ನಾವು?

ನಮ್ಮ ಹತ್ತನೇ ತರಗತಿಯ ಕನ್ನಡ ವಿಜ್ಞಾನ ಪುಸ್ತಕದಲ್ಲೇ ಬೆಂಜೀನಿನ ಉಂಗುರದ ಚಿತ್ರ ಇದೆ. ಮಗು ಅದನ್ನು ಕನ್ನಡದಲ್ಲೇ ಓದಿ, ಬರೆದು, ಪಾಸಾಗುತ್ತದೆ. ಎರಡು ತಿಂಗಳ ರಜೆ ಮುಗಿಸಿ ಪಿಯುಸಿ ಮೆಟ್ಟಿಲು ಹತ್ತಿದ ಕೂಡಲೆ ಅದೇ ಉಂಗುರ ಇಂಗ್ಲಿಷಿನ ಪುಸ್ತಕದಲ್ಲಿ ಕೂತು ಅದನ್ನೇ ಗುರುಗುಟ್ಟುತ್ತದೆ. ತಮಾಷೆ ಇನ್ನೂ ಇದೆ. 2017ರಿಂದ ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇದೆ. 2021ರಿಂದ ಜೆಇಇ ಮೇನ್ ಕೂಡ ಕನ್ನಡದಲ್ಲಿದೆ. ದಿಲ್ಲಿಯವರು ಕನ್ನಡದಲ್ಲಿ ಪ್ರಶ್ನೆ ಕೇಳಲು ತಯಾರು. ಕನ್ನಡ ನಾಡಿನ ಕಾಲೇಜು ಕನ್ನಡದಲ್ಲಿ ಪಾಠ ಹೇಳಲು ತಯಾರಿಲ್ಲ! ಇಂಥ ವಿಚಿತ್ರ ಎಲ್ಲಾದರೂ ಉಂಟೆ?

ನಮಗೆ ಹಿರಿಯರು ದಾರಿ ತೋರಿಸಲಿಲ್ಲ ಎನ್ನುವಂತಿಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 1918ರಲ್ಲೇ ಕನ್ನಡದಲ್ಲಿ "ವಿಜ್ಞಾನ" ಎಂಬ ಮಾಸಪತ್ರಿಕೆ ತಂದರು. ಸಸ್ಯಶಾಸ್ತ್ರದ ಮೇಷ್ಟ್ರು ಬಿ.ಜಿ.ಎಲ್. ಸ್ವಾಮಿ ಗಿಡಮರಗಳ ಶಾಸ್ತ್ರವನ್ನು ಕನ್ನಡದಲ್ಲಿ ನಗುನಗುತ್ತ ಹೇಳಿ "ಹಸುರು ಹೊನ್ನು"ವಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಬಹುಮಾನ ಪಡೆದರು. ಅವರು ಹಾಕಿದ ದಾರಿಯಲ್ಲಿ ನಾವು ಹುಲ್ಲು ಬೆಳೆಸಿದೆವು.

ಪಂಡಿತರಿಗೂ ಒಂದು ಮಾತು

ತಪ್ಪು ಇಂಗ್ಲಿಷ್ ಭಕ್ತರದ್ದು ಮಾತ್ರವಲ್ಲ. ಕನ್ನಡದ ಹೆಸರಿನಲ್ಲಿ ಬಾಯಿಗೆ ಹೊರಳದ ಸಂಸ್ಕೃತ ಶಬ್ದಗಳನ್ನು ಕೋಣೆಯಲ್ಲಿ ಕೂತು ಹೊಸೆಯುವ ಪಂಡಿತರೂ ಈ ಕೊಲೆಯಲ್ಲಿ ಪಾಲುದಾರರು. ಬೆಂಜೀನಿಗೆ, ಟೊಲುವೀನಿಗೆ, ಕ್ಲೋರಿನ್ನಿಗೆ ಕನ್ನಡ ಹೆಸರು ಬೇಕೇ ಬೇಕು ಎಂದು ನಾವು ಕೇಳುತ್ತಿಲ್ಲ. 1961ರಲ್ಲಿ ಸ್ಥಾಪನೆಯಾದ ಕೇಂದ್ರದ ವೈಜ್ಞಾನಿಕ ಪರಿಭಾಷಾ ಆಯೋಗ ಕೂಡ ಧಾತು, ಸಂಯುಕ್ತಗಳ ಅಂತರರಾಷ್ಟ್ರೀಯ ಹೆಸರುಗಳನ್ನು ಹಾಗೇ ಉಳಿಸಿಕೊಂಡು ನಮ್ಮ ಲಿಪಿಯಲ್ಲಿ ಬರೆಯಿರಿ ಎಂದೇ ಹೇಳುತ್ತದೆ. ಬಸ್ಸು, ಕಾಫಿ, ಕುರ್ಚಿ ನಮ್ಮದಾದ ಹಾಗೆ ಬೆಂಜೀನೂ ನಮ್ಮದಾಗಲಿ. ಹೆಸರು ಲೋಕದ್ದು, ವಿವರಣೆ ನಮ್ಮದು.

ಒಂದು ಕಡೆ ನಾವೂ ಹಟ ಬಿಡಬೇಕು, ಅದನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳೋಣ. ಇಬ್ಬರು ಬಾಡಿಗೆದಾರರು ಸರಿಸಮ ಇದ್ದಾಗ ಯಾರ ಹೆಸರು ಮೊದಲು? ಇಂಗ್ಲಿಷ್ ಅಕ್ಷರಮಾಲೆಯ ಪ್ರಕಾರ ಬ್ರೊಮೊ ಮೊದಲು, ಕ್ಲೋರೊ ಆಮೇಲೆ. ನಮ್ಮ ಕ ಖ ಗ ಘ ಪ್ರಕಾರ ಕ್ಲೋರೊ ಮೊದಲು ಬರಬೇಕು. ಇಲ್ಲಿ ನಾವು ಲೋಕದ ಕ್ರಮವನ್ನೇ ಹಿಡಿಯಬೇಕು, 1-ಬ್ರೊಮೊ-2-ಕ್ಲೋರೊಬೆಂಜೀನ್ ಎಂದೇ ಬರೆಯಬೇಕು. ಮಂಡ್ಯದ ಹುಡುಗ ಬರೆದ ಹೆಸರು ಮಾಸ್ಕೋದಲ್ಲೂ ಅದೇ ವಸ್ತುವನ್ನು ತೋರಿಸಬೇಕು. ಅದೊಂದು ಒಪ್ಪಂದ, ರಸ್ತೆಯಲ್ಲಿ ಎಡಕ್ಕೆ ಹೋಗುವ ಹಾಗೆ. ಒಪ್ಪಂದಕ್ಕೆ ತಲೆಬಾಗುವುದು ಗುಲಾಮಗಿರಿಯಲ್ಲ.

ಒಪ್ಪಂದ ಎನ್ನುವುದಕ್ಕೆ ಸಾಕ್ಷಿ ಬೇಕೆ? 1860ರ ದಶಕದಲ್ಲಿ ಈ ಮೂರು ಪದಗಳನ್ನು ಬೆಂಜೀನಿಗೆ ತಂದ ಕೋರ್ನರ್ ಎದುರು ಮನೆಯನ್ನು ಆರ್ಥೊ ಎನ್ನುತ್ತಿದ್ದ, ಪಕ್ಕದ ಮನೆಯನ್ನು ಮೆಟಾ ಎನ್ನುತ್ತಿದ್ದ! ಗ್ರೇಬೆ 1869ರಲ್ಲಿ ನ್ಯಾಫ್ತಲೀನಿನಲ್ಲಿ ಬಳಸಿದ ಕ್ರಮವನ್ನು ವಿಕ್ಟರ್ ಮೇಯರ್ 1870ರಲ್ಲಿ ಬೆಂಜೀನಿಗೆ ತಂದ. ಇಂದಿನ ಅರ್ಥ ನಿಂತದ್ದು ಅಲ್ಲಿಂದ. 1892ರಲ್ಲಿ ಜಿನೀವಾದಲ್ಲಿ ಸೇರಿ ಯುರೋಪಿನ ರಸಾಯನಜ್ಞರು ಹೆಸರಿಡುವ ನಿಯಮಗಳಿಗೆ ಬುನಾದಿ ಹಾಕಿದರು. 1919ರಲ್ಲಿ ಹುಟ್ಟಿದ ಐಯುಪ್ಯಾಕ್ ಸಂಸ್ಥೆ ಅದನ್ನು ತಿದ್ದುತ್ತ ಬಂದಿದೆ. ಆ ಸಂಸ್ಥೆ 2013ರ ಶಿಫಾರಸುಗಳಲ್ಲಿ ಆರ್ಥೊ, ಮೆಟಾ, ಪ್ಯಾರಾ ಬಿಟ್ಟು 1,2, 1,3, 1,4 ಎಂದೇ ಬರೆಯಲು ಹೇಳಿದೆ. ಯಾವ ಶಬ್ದಕ್ಕಾಗಿ ನನ್ನ ಗೆಳೆಯನನ್ನು ನಗೆಪಾಟಲು ಮಾಡಿದರೋ ಆ ಶಬ್ದವನ್ನು ಲೋಕವೇ ಬದಿಗಿಡುತ್ತಿದೆ. ಉಳಿದದ್ದು ಒಂದು, ಎರಡು, ಮೂರು, ನಾಲ್ಕು. ಅಂಕಿಗೆ ಯಾವ ಮೀಡಿಯಮ್ಮು?

ಇದು ಅಂಕದ ಪ್ರಶ್ನೆಯಲ್ಲ, ಪ್ರಾಣದ ಪ್ರಶ್ನೆ

ಆ ಗೆಳೆಯ ಈಗ ಪೀಣ್ಯದ ಕಡೆ ಬಣ್ಣ ಬಳಿಯುವ ಒಂದು ಸಣ್ಣ ಘಟಕದಲ್ಲಿ ಕೆಲಸ ಮಾಡುತ್ತಾನೆ. ದಿನವಿಡೀ ಥಿನ್ನರ್ ಡಬ್ಬಗಳ ನಡುವೆ. ಡಬ್ಬದ ಮೇಲೆ ಇಂಗ್ಲಿಷಿನಲ್ಲಿ ಟೊಲುವೀನ್, ಜೈಲೀನ್ ಎಂದು ಬರೆದಿರುತ್ತದೆ. ಬೆಂಜೀನಿನ ವಠಾರಕ್ಕೆ ಒಂದು ಮೀಥೈಲ್ ಬಂದರೆ ಟೊಲುವೀನ್, ಎರಡು ಬಂದರೆ ಜೈಲೀನ್. ಯಾವ ಪಾಠದಿಂದ ಅವನನ್ನು ಹೊರಗಟ್ಟಿದರೋ ಆ ಪಾಠದ ಹೊಗೆಯನ್ನೇ ಅವನು ದಿನಾ ಉಸಿರಾಡುತ್ತಿದ್ದಾನೆ!

ಇಲ್ಲಿ ಒಂದು ಹೆಸರಿನ ವ್ಯತ್ಯಾಸ ಎಂದರೆ ಏನು? ಬೆಂಜೀನ್ ರಕ್ತದ ಕ್ಯಾನ್ಸರ್ ತರುತ್ತದೆ ಎಂಬುದು ಖಚಿತವಾದ ವಿಷಯ. ಅದರ ಒಡೆದ ತುಣುಕುಗಳು ದೇಹದಲ್ಲಿ ಮೂಳೆಯ ಮಜ್ಜೆಗೆ ಕೈ ಹಾಕುತ್ತವೆ. ಟೊಲುವೀನಿಗೆ ಮೀಥೈಲ್ ಎಂಬ ಹಿಡಿ ಇರುವುದರಿಂದ ದೇಹ ಆ ಹಿಡಿಯನ್ನು ಹಿಡಿದು ಬಹುಪಾಲನ್ನು ಬೆಂಜೋಯಿಕ್ ಆಮ್ಲವಾಗಿಸಿ, ಮೂತ್ರದಲ್ಲಿ ಹೊರಗೆ ಸಾಗಿಸುತ್ತದೆ. ಹಾಗೆಂದು ಟೊಲುವೀನ್ ಸಾಧುವಲ್ಲ. ತಲೆ ಸುತ್ತಿಸಿ, ನರಗಳನ್ನು ಹಾಳು ಮಾಡುತ್ತದೆ. ಕಿಟಕಿ ತೆಗೆದಿಡಬೇಕು, ಮುಖವಾಡ ಹಾಕಬೇಕು, ಕೈ ತೊಳೆಯಲು ಥಿನ್ನರ್ ಬಳಸಬಾರದು. ಇದನ್ನು ಅವನಿಗೆ ಕನ್ನಡದಲ್ಲಿ ಹೇಳಿದವರು ಯಾರು? ಡಬ್ಬ ಹೇಳಲಿಲ್ಲ. ಮಾಲೀಕ ಹೇಳಲಿಲ್ಲ. ಕಾಲೇಜು ಅವನನ್ನು ಮೊದಲೇ ಓಡಿಸಿತ್ತು.

ಇದು ಒಬ್ಬನ ಕತೆಯಲ್ಲ. ಮಂಗಳೂರು ಕಡೆಯ ಗೇರು ಕಾರ್ಖಾನೆಗಳಲ್ಲಿ ಬೀಜ ಒಡೆಯುವ ಹೆಂಗಸರ ಕೈ ನೋಡಿದ್ದೀರಾ? ಸಿಪ್ಪೆಯ ಎಣ್ಣೆಯಿಂದ ಸುಟ್ಟು ಕಪ್ಪಾಗಿರುತ್ತದೆ. ಆ ಎಣ್ಣೆಯಲ್ಲಿ ಇರುವುದು ಫೀನಾಲಿನ ಬಂಧುಗಳು. ಕಾರ್ಡನಾಲ್ ಎಂಬುದು ಹೈಡ್ರಾಕ್ಸಿ ಮನೆಯಿಂದ ಒಂದು ಮನೆ ಬಿಟ್ಟು ಉದ್ದನೆಯ ಕಾರ್ಬನ್ ಬಾಲ ಕಟ್ಟಿಕೊಂಡದ್ದು, ಅಂದರೆ ಮೆಟಾ. ವಾಹನಗಳ ಬ್ರೇಕಿನ ಅಂಟಿಗೆ ಅದು ಬೇಕು. ಅದರ ರಸಾಯನಶಾಸ್ತ್ರ ಕಂಪನಿಗಳಿಗೆ ಗೊತ್ತು, ಕೈ ಸುಟ್ಟುಕೊಂಡವರಿಗೆ ಗೊತ್ತಿಲ್ಲ. ಜ್ವರಕ್ಕೆ ಊರೂರಲ್ಲಿ ನುಂಗುವ ಪ್ಯಾರಾಸಿಟಮಾಲಿನ "ಪ್ಯಾರಾ" ಈ ಎದುರು ಮನೆಯ ಪ್ಯಾರಾವೇ. ಗಾಯ ತೊಳೆಯುವ ಡೆಟ್ಟಾಲ್ ಬಾಟಲಿಯ ಮೇಲಿನ ಕ್ಲೋರೋಜೈಲಿನಾಲ್ ಒಂದು ಕ್ಲೋರೊ, ಎರಡು ಮೀಥೈಲ್ ಇರುವ ಫೀನಾಲ್. ಈ ವಠಾರ ನಮ್ಮ ಮನೆಯೊಳಗೇ ಇದೆ. ಅದರ ಬೀಗದ ಕೈ ಮಾತ್ರ ಇಂಗ್ಲಿಷ್ ಬಲ್ಲವರ ಸೊಂಟದಲ್ಲಿ.

ಹುಡುಗರೆ, ಮಸಿ ಡಬ್ಬ ಕೆಳಗಿಡಿ

ಕೊನೆಯ ಮಾತು ನಮಗೇ. ಇಂಗ್ಲಿಷ್ ನಾಮಫಲಕಕ್ಕೆ ಮಸಿ ಬಳಿಯಲು ನಾವು ಮುಂದು. ನವೆಂಬರಿನಲ್ಲಿ ಬಾವುಟ ಕಟ್ಟಿ ಆರ್ಕೆಸ್ಟ್ರಾ ಇಡಲು ಮುಂದು. ಎಂಬತ್ತರ ದಶಕದ ಗೋಕಾಕ್ ಚಳವಳಿ ಶಾಲೆಯಲ್ಲಿ ಕನ್ನಡದ ಸ್ಥಾನಕ್ಕಾಗಿ ನಾಡನ್ನೇ ಬೀದಿಗಿಳಿಸಿತು. ಆದರೆ ಪಿಯುಸಿ ಪ್ರಯೋಗಶಾಲೆಯ ಬಾಗಿಲನ್ನು ನಾವು ಇವತ್ತಿನವರೆಗೆ ತಟ್ಟಲಿಲ್ಲ. ಬೋರ್ಡಿನ ಮೇಲೆ ಕನ್ನಡ ಬಂದರೆ ಸಾಕು ಎಂದುಕೊಂಡೆವು. ತಲೆಯೊಳಗೆ ಬರುವುದು ಬೇಡವೆ?

ನಮ್ಮ ಒತ್ತಾಯಗಳು ಸ್ಪಷ್ಟ. ಒಂದು: ಪಿಯುಸಿ ವಿಜ್ಞಾನದ ಪುಸ್ತಕ ಎಡ ಪುಟದಲ್ಲಿ ಕನ್ನಡ, ಬಲ ಪುಟದಲ್ಲಿ ಇಂಗ್ಲಿಷ್ ಇರುವಂತೆ ಅಚ್ಚಾಗಲಿ. ಇಂಗ್ಲಿಷನ್ನು ಕಿತ್ತುಹಾಕಿ ಎಂದು ನಾವು ಹೇಳುತ್ತಿಲ್ಲ. ಹುಡುಗ ನಾಳೆ ಹೊರದೇಶಕ್ಕೆ ಹೋದರೆ ಅದೂ ಇರಲಿ. ಎರಡು: ಹೆಸರುಗಳು ಕನ್ನಡ ಲಿಪಿಯಲ್ಲಿ ಹಾಗೇ ಇರಲಿ, ವಿವರಣೆ ಮನೆಯ ಕನ್ನಡದಲ್ಲಿ ಇರಲಿ. ಮೂರು: ಕನ್ನಡದಲ್ಲಿ ಉತ್ತರ ಹೇಳಿದ ಮಗುವನ್ನು ಅವಮಾನಿಸುವ ಉಪನ್ಯಾಸಕರಿಗೆ ಇಲಾಖೆ ನೋಟೀಸು ಕೊಡಲಿ. ನಾಲ್ಕು: ಕರ್ನಾಟಕದಲ್ಲಿ ಮಾರುವ ಪ್ರತಿಯೊಂದು ಥಿನ್ನರ್, ಅಂಟು, ಆಮ್ಲದ ಡಬ್ಬದ ಮೇಲೆ ಅಪಾಯದ ಸೂಚನೆ ಕನ್ನಡದಲ್ಲಿ, ಓದಲು ಬರುವಷ್ಟು ದಪ್ಪ ಅಕ್ಷರದಲ್ಲಿ ಇರಲಿ.

ಐದನೆಯದು ಸರ್ಕಾರಕ್ಕಲ್ಲ, ನಿಮಗೆ. ಬಿಎಸ್‌ಸಿ, ಇಂಜಿನಿಯರಿಂಗ್ ಓದುತ್ತಿರುವ, ಕಂಪನಿಯಲ್ಲಿ ಸಂಬಳ ಎಣಿಸುತ್ತಿರುವ ಕನ್ನಡದ ಹುಡುಗ ಹುಡುಗಿಯರೇ, ಭಾನುವಾರ ಒಂದು ಗಂಟೆ ಕೊಡಿ. ನಿಮ್ಮ ಬಡಾವಣೆಯ ಸರ್ಕಾರಿ ಕಾಲೇಜಿನ ನಾಲ್ಕು ಮಕ್ಕಳನ್ನು ಕೂರಿಸಿಕೊಂಡು ಒಂದು ವಠಾರ ಬರೆಯಿರಿ. ಪಕ್ಕ, ಬಿಟ್ಟು, ಎದುರು ಎಂದು ತೋರಿಸಿ. ಆಮೇಲೆ ಆರ್ಥೊ, ಮೆಟಾ, ಪ್ಯಾರಾ ಎಂದು ಬರೆಸಿ. ಅಷ್ಟೇ ಸಾಕು, ಆ ಮಕ್ಕಳು ತರಗತಿಯಲ್ಲಿ ತಲೆ ಎತ್ತಿ ಕೂರುತ್ತಾರೆ.

ಹೋದ ತಿಂಗಳು ಪೀಣ್ಯದ ಚಹಾ ಅಂಗಡಿಯಲ್ಲಿ ಆ ಗೆಳೆಯ ಸಿಕ್ಕಿದ್ದ. ಪತ್ರಿಕೆಯ ಅಂಚಿನಲ್ಲಿ ವಠಾರ ಬರೆದು, ಅವನ ಡಬ್ಬದ ಮೇಲಿನ ಹೆಸರುಗಳನ್ನು ಬಿಡಿಸಿ ಹೇಳಿದೆ. ಚೀನಾದ ಮೂರು ಮಾತನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: "ಹಂಗಾದ್ರೆ ಅವತ್ತು ನಾನು ಹೇಳಿದ್ದು ಸರಿ ಇತ್ತೇನೋ?"

ಸರಿ ಇತ್ತು ಕಣೋ. ಪೂರ್ತಿ ಸರಿ ಇತ್ತು. ತಪ್ಪಿದ್ದು ನಕ್ಕವರಲ್ಲಿ.